ನಗರದ ಸರ್ಕಾರಿ ಶಾಲೆಗೆ ಹೊಸದಾಗಿ ಬಂದ ಶಿಕ್ಷಕರಿಗೆ: ಜೂನ್‌ನಿಂದ ಏಪ್ರಿಲ್‌ವರೆಗೆ

ಬೋರ್ಡಿನ ಮೇಲಿನ ಪ್ರಶ್ನೋತ್ತರವನ್ನು ಮುತ್ತು ಪೋಣಿಸಿದ ಹಾಗೆ ನೋಟ್‌ಬುಕ್ಕಿಗೆ ಇಳಿಸುವ ಏಳನೇ ತರಗತಿಯ ಹುಡುಗಿಗೆ, 'ಅದೇ ಸಾಲನ್ನು ಒಂದ್ಸಲ ಓದಮ್ಮ' ಎಂದು ಹೇಳಿ ನೋಡಿ. ತಲೆ ತಗ್ಗಿಸಿ ನಿಲ್ಲಬಹುದು. ಬರೆದದ್ದು ಅವಳಿಗೆ ಚಿತ್ರ, ಅಕ್ಷರವಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಶಿವಾಜಿನಗರದಂಥ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಂಥ ಮಕ್ಕಳು ಯಾರಿಗೂ ತೊಂದರೆ ಕೊಡದೆ, ಅಂದದ ಕೈಬರಹದ ಮರೆಯಲ್ಲಿ, ಎಂಟನೇ ತರಗತಿಯವರೆಗೂ ಹೋಗಿಬಿಡುತ್ತಾರೆ.

ಮೊದಲ ವರ್ಷ ನಿಮ್ಮ ಮುಂದೆ ನೂರು ಕೆಲಸ ಬಂದು ನಿಲ್ಲುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಬಿಡಬೇಡಿ. ಯಾರಿಗೆ ಓದಲು ಬರುವುದಿಲ್ಲ ಎಂಬುದನ್ನು ಜೂನ್ ಮುಗಿಯುವುದರೊಳಗೆ ಹೆಸರು ಸಮೇತ ತಿಳಿದುಕೊಳ್ಳಿ, ಅವರಿಗಾಗಿ ದಿನಕ್ಕೊಂದು ಗಂಟೆ ಕಾಯ್ದಿಡಿ. ಶಿಸ್ತು, ಮನೆ ಭೇಟಿ, ದಾಖಲೆ ಎಲ್ಲವೂ ಈ ಒಂದು ಗಂಟೆಯನ್ನು ಉಳಿಸಿಕೊಳ್ಳುವುದಕ್ಕಾಗಿ. ಇಲ್ಲಿ ಹೇಳುವುದು 6ರಿಂದ 8ನೇ ತರಗತಿಯ ಶಿಕ್ಷಕರಿಗೆ. ಒಂದರಿಂದ ಮೂರರವರೆಗೆ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಗೆ ಅದರದೇ ಏಣಿ, ಕಾರ್ಡು, ತಟ್ಟೆಗಳಿವೆ.

ಶಾಲೆಗೆ ಸೇರಿದ ವಾರ

ಮೊದಲ ಸಂಬಳ ತಡವಾಗುವುದುಂಟು. ಸೇವಾ ವಹಿ ತೆರೆಯಬೇಕು, ಪ್ರಮಾಣಪತ್ರಗಳ ನೈಜತೆ ಪರಿಶೀಲನೆ ಆಗಬೇಕು, ಕೆಜಿಐಡಿ, ಎನ್‌ಪಿಎಸ್ ಎಂಬ ವಿಮೆ, ಪಿಂಚಣಿ ಸಂಖ್ಯೆಗಳು ಬರಬೇಕು. ಮೂರು ತಿಂಗಳ ಮನೆ ಬಾಡಿಗೆ, ಓಡಾಟದ ಖರ್ಚು ಕೈಯಲ್ಲಿಟ್ಟುಕೊಂಡೇ ಬನ್ನಿ. ಮೂಲ ದಾಖಲೆಗಳ ನಾಲ್ಕು ಸೆಟ್ ಜೆರಾಕ್ಸ್ ತೆಗೆಸಿ ಒಂದು ಫೈಲಿನಲ್ಲಿಟ್ಟರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಲೆದಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಶಾಲೆಯೊಳಗೆ ಮೊದಲು ಮಾತನಾಡಿಸಬೇಕಾದವರು ಇಬ್ಬರು. ಒಬ್ಬರು, ಆ ಶಾಲೆಯಲ್ಲಿ ಹತ್ತು ವರ್ಷ ಕಳೆದ ಹಿರಿಯ ಶಿಕ್ಷಕರು. 'ಬಿ.ಇಡಿ.ಯಲ್ಲಿ ಹೀಗೆ ಹೇಳಿಕೊಟ್ಟಿದ್ದರು' ಎಂಬ ಮಾತನ್ನು ಅವರ ಮುಂದೆ ಆಡಬೇಡಿ. 'ಮೇಡಂ, ಈ ಮಗುವಿನ ಜೊತೆ ನೀವು ಹೇಗೆ ಮಾಡ್ತಿದ್ರಿ?' ಎಂದು ಕೇಳಿ. ಇನ್ನೊಬ್ಬರು ಬಿಸಿಯೂಟದ ಅಕ್ಕ. ಯಾವ ಮಗು ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತದೆ, ಯಾರು ತಮ್ಮನಿಗೆಂದು ಮೊಟ್ಟೆ ಮುಚ್ಚಿಟ್ಟುಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತು. 6–8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿಯ ಲೆಕ್ಕವಿದೆ, 1–5ರವರಿಗೆ 100 ಗ್ರಾಂ. ಎಲ್ಲರಿಗೂ ಒಂದೇ ಸೌಟು ಹಾಕುತ್ತಿದ್ದರೆ ನಿಮ್ಮ ದೊಡ್ಡ ಹುಡುಗರು ಹಸಿದೇ ಮಧ್ಯಾಹ್ನದ ಪಾಠಕ್ಕೆ ಕೂರುತ್ತಾರೆ. ಅವರ ಗಲಾಟೆಗೆ ಅರ್ಧ ಕಾರಣ ಅಲ್ಲೇ ಸಿಕ್ಕೀತು.

ಗದ್ದಲ ಇಳಿಸುವುದು

ಮೊದಲ ಎರಡು ವಾರ ಪಾಠ ಹಿಂದೆ ಬಿದ್ದರೂ ಚಿಂತೆಯಿಲ್ಲ, ನಡವಳಿಕೆಯ ಕ್ರಮವನ್ನು ಕಲಿಸಿ. ಒಳಗೆ ಬಂದ ಕೂಡಲೇ ಏನು ಮಾಡಬೇಕು, ಹಾಲು ಕುಡಿದ ಲೋಟ ಎಲ್ಲಿ ತೊಳೆಯಬೇಕು, ಶೌಚಾಲಯಕ್ಕೆ ಒಬ್ಬರಾದ ಮೇಲೆ ಒಬ್ಬರು ಹೇಗೆ ಹೋಗಬೇಕು, ಪುಸ್ತಕ ತಾರದವರು ಯಾರ ಪಕ್ಕ ಕೂರಬೇಕು. ಇವನ್ನು ಹೇಳಿದರೆ ಸಾಲದು, ಮಾಡಿಸಿ ತೋರಿಸಬೇಕು, ತಪ್ಪಿದರೆ ಸಿಟ್ಟಾಗದೆ ಮತ್ತೆ ಮಾಡಿಸಬೇಕು. ನಿಯಮ ಮೂರಕ್ಕಿಂತ ಹೆಚ್ಚಾದರೆ ಮಕ್ಕಳಿಗಿಂತ ಮೊದಲು ನೀವೇ ಮರೆಯುತ್ತೀರಿ.

ಹೊಸಬರ ತರಗತಿ ಕೈ ತಪ್ಪುವ ಗಳಿಗೆ ಬಹುತೇಕ ಒಂದೇ: ಮಕ್ಕಳಿಗೆ ಬೆನ್ನು ತಿರುಗಿಸಿ ಹತ್ತು ನಿಮಿಷ ಬೋರ್ಡ್ ಮೇಲೆ ಬರೆಯುವಾಗ. ಬರೆಯುವುದನ್ನು ಪ್ರಾರ್ಥನೆಗೆ ಮುಂಚೆಯೇ ಬರೆದಿಡಿ. ಮಾತಾಡುತ್ತಿರುವ ಮಗುವಿನ ಹೆಸರನ್ನು ದೂರದಿಂದ ಕೂಗಬೇಡಿ. ಪಾಠ ನಿಲ್ಲಿಸದೆ ಅದರ ಡೆಸ್ಕಿನ ಪಕ್ಕ ಹೋಗಿ ನಿಂತರೆ ಸಾಕು. 'ಹೆಡ್ ಮಾಸ್ಟರ್ ಹತ್ರ ಕಳಿಸ್ತೀನಿ' ಎಂಬ ಬೆದರಿಕೆ ಮೂರನೇ ಸಲಕ್ಕೆ ಕೆಲಸ ಮಾಡುವುದಿಲ್ಲ, ನಿಮ್ಮ ಕೈಯಲ್ಲಿ ಆಗುವುದಿಲ್ಲ ಎಂದು ನೀವೇ ಸಾರಿದಂತಾಗುತ್ತದೆ.

ಹೊಡೆಯುವುದು ಬೇಡವೇ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 'ನಾಲ್ಕು ಬಿಡಿ ಸಾರ್, ಮಾತು ಕೇಳ್ತಾನೆ' ಎಂದು ತಂದೆಯೇ ಹೇಳಿದರೂ ಕಾನೂನು ಬದಲಾಗುವುದಿಲ್ಲ. ಕಾನೂನಿನ ಮಾತು ಪಕ್ಕಕ್ಕಿರಲಿ, ಓದಲು ಬಾರದ ಮಗುವಿಗೆ ಏಟಿನಿಂದ ಸಿಗುವ ಪಾಠವೆಂದರೆ ಓದಲು ಬಾರದ್ದನ್ನು ಇನ್ನೂ ಚೆನ್ನಾಗಿ ಮುಚ್ಚಿಡುವುದು. ಊಟ ತಪ್ಪಿಸುವುದು, ಆಟದ ಪೀರಿಯಡ್ ಕಿತ್ತುಕೊಳ್ಳುವುದು ಕೂಡ ಬೇಡ. ಜಗಳವಾದರೆ ಇಬ್ಬರನ್ನೂ ಬೇರೆ ಮಾಡಿ, ನೀರು ಕುಡಿಸಿ, ಅರ್ಧ ಗಂಟೆ ಬಿಟ್ಟು ವಿಚಾರಿಸಿ. ಸಣ್ಣಪುಟ್ಟದಕ್ಕೆಲ್ಲ 'ಅಪ್ಪನ್ನ ಕರ್ಕೊಂಡು ಬಾ' ಎಂದು ಹೇಳುವ ಮುಂಚೆ ಯೋಚಿಸಿ, ಆ ಮಾತಿನ ಏಟು ರಾತ್ರಿ ಮನೆಯಲ್ಲಿ ಬೀಳುತ್ತದೆ.

ಸೇತುಬಂಧದ ದಿನಗಳಲ್ಲಿ ಮಾಡಬೇಕಾದ ಓದಿನ ಪರೀಕ್ಷೆ

ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬಲು ವರ್ಷದ ಆರಂಭದಲ್ಲಿ ನಡೆಸುವ ಸೇತುಬಂಧಕ್ಕೆ ಪೂರ್ವ ಪರೀಕ್ಷೆ ಇದ್ದೇ ಇದೆ. ಆದರೆ ಅದು ಬರವಣಿಗೆಯ ಪರೀಕ್ಷೆಯಾದರೆ ಓದಲು ಬಾರದವರು ಅದರಲ್ಲಿ ಕಾಣುವುದಿಲ್ಲ, ಪಕ್ಕದವರದ್ದನ್ನು ನೋಡಿ ಬರೆದುಬಿಡುತ್ತಾರೆ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ನಿಮಿಷ ಓದಿಸಿ. 40 ಮಕ್ಕಳ ತರಗತಿಗೆ ಎರಡು ಗಂಟೆ ಬೇಕು. ದಿನಕ್ಕೆ ಎಂಟು ಮಕ್ಕಳಂತೆ ಐದು ದಿನದಲ್ಲಿ ಮುಗಿಯುತ್ತದೆ. ಮಿಕ್ಕವರು ಆ ಹೊತ್ತಿನಲ್ಲಿ ಚಿತ್ರ ಬರೆಯಲಿ.

ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಐದು ಕಾರ್ಡು ಬರೆದುಕೊಳ್ಳಿ:

1. ಹತ್ತು ಮೂಲಾಕ್ಷರ, ವರ್ಣಮಾಲೆಯ ಅನುಕ್ರಮ ತಪ್ಪಿಸಿ. ಅನುಕ್ರಮದಲ್ಲಿ ಕೊಟ್ಟರೆ ಮಗು ನೋಡದೆಯೇ ಬಾಯಿಪಾಠ ಒಪ್ಪಿಸುತ್ತದೆ.
2. ಹತ್ತು ಗುಣಿತಾಕ್ಷರ: ಕಿ, ಮೂ, ಗೆ, ಬೋ, ತೈ ಹೀಗೆ ಬೆರಕೆಯಾಗಿ.
3. ಒತ್ತಕ್ಷರವಿಲ್ಲದ ಎಂಟು ಪದ: ಗಿಡ, ಕೋಳಿ, ಬೀಗ, ಮೊಸರು ಇಂಥವು.
4. ಒತ್ತಕ್ಷರದ ಎಂಟು ಪದ: ರಸ್ತೆ, ಕನ್ನಡಿ, ಪುಸ್ತಕ, ವರ್ಷ. 'ಅಮ್ಮ', 'ಅಪ್ಪ' ಹಾಕಬೇಡಿ, ಅವನ್ನು ಓದಲು ಬಾರದವರೂ ಗುರುತು ಹಿಡಿಯುತ್ತಾರೆ.
5. ಎರಡನೇ ತರಗತಿಯ ಮಟ್ಟದ ಐದು ಸಾಲಿನ ಪ್ಯಾರಾ, ಕೆಳಗೆ ಎರಡು ಪ್ರಶ್ನೆ. ಒಂದರ ಉತ್ತರ ಸಾಲಿನಲ್ಲೇ ಇರಲಿ, ಇನ್ನೊಂದಕ್ಕೆ ಯೋಚಿಸಬೇಕು. ಪಠ್ಯಪುಸ್ತಕದಿಂದ ತೆಗೆಯದೆ ನೀವೇ ಬರೆಯಿರಿ.

ಐದನೇ ಕಾರ್ಡಿನಿಂದ ಶುರು ಮಾಡಿ ಕೆಳಗಿಳಿಯಿರಿ. ತಡವರಿಸಿದರೆ ನಾಲ್ಕು, ಆಮೇಲೆ ಮೂರು. ಯಾವ ಕಾರ್ಡು ಸರಾಗವೋ ಅದೇ ಆ ಮಗುವಿನ ಮಟ್ಟ. ಓದುವಾಗ ತಿದ್ದಬೇಡಿ, ಮುಖ ಸಿಂಡರಿಸಬೇಡಿ, ತಪ್ಪನ್ನು ಇದ್ದ ಹಾಗೆ ಬರೆದುಕೊಳ್ಳಿ. 'ರಸ್ತೆ'ಯನ್ನು 'ರಸತೆ' ಎಂದರೆ ಒತ್ತು ಕಾಣಿಸುತ್ತಿಲ್ಲ. 'ವರ್ಷ'ವನ್ನು 'ವಷರ' ಎಂದರೆ ಮಗು ಕಣ್ಣಿಗೆ ಕಂಡ ಅನುಕ್ರಮದಲ್ಲೇ ಓದುತ್ತಿದೆ, ಅರ್ಕಾವೊತ್ತಿನ ಗುಟ್ಟನ್ನು ಯಾರೂ ಹೇಳಿಕೊಟ್ಟಿಲ್ಲ. 'ಕೋಳಿ' 'ಕೊಳಿ'ಯಾದರೆ ದೀರ್ಘದ ಕೊರತೆ. ಈ ಮೂವರಿಗೂ 'ಓದಲು ಬರುವುದಿಲ್ಲ' ಎಂದು ಒಂದೇ ಷರಾ ಬರೆದರೆ ಔಷಧಿ ತಪ್ಪುತ್ತದೆ.

ಎರಡು ಎಚ್ಚರಿಕೆ. ಕಾದು ನಿಂತ ಮಕ್ಕಳು ಕೇಳಿಸಿಕೊಂಡು ಬಾಯಿಪಾಠ ಮಾಡುತ್ತಾರೆ, ಕಾರ್ಡಿನ ಎರಡು ಸೆಟ್ ಇಟ್ಟುಕೊಂಡು ಅದಲುಬದಲು ಮಾಡಿ. ಮತ್ತೆ, ಅದೇ ಹೊತ್ತಿನಲ್ಲಿ ಕಣ್ಣನ್ನೂ ನೋಡಿ: ಹಿಂದಿನ ಬೆಂಚಿನಿಂದ ಬೋರ್ಡಿನ ದಪ್ಪಕ್ಷರ ಕಾಣಿಸುತ್ತದೆಯೇ ಎಂದು ಒಂದೊಂದು ಕಣ್ಣು ಮುಚ್ಚಿಸಿ ಕೇಳಿ. ಕಾಣದ ಮಗುವನ್ನು ಮುಂದೆ ಕೂರಿಸಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬಂದಾಗ ಆ ಹೆಸರನ್ನು ಮೊದಲು ಕೊಡಿ. ಕನ್ನಡಕ ಬೇಕಾದ ಮಗುವಿಗೆ ಕಾಗುಣಿತ ತಿದ್ದಿಸುತ್ತಾ ವರ್ಷ ಕಳೆಯುವುದು ಯಾರಿಗೂ ಬೇಡ.

ಆ ಒಂದು ಗಂಟೆ

ಮುಖ್ಯ ಶಿಕ್ಷಕರ ಹತ್ತಿರ ಪಟ್ಟಿ ಹಿಡಿದುಕೊಂಡೇ ಹೋಗಿ: '38 ಮಕ್ಕಳಲ್ಲಿ ಇಷ್ಟು ಜನ ಪದದ ಹಂತದಲ್ಲೇ ಇದ್ದಾರೆ ಸರ್.' ಹೆಸರು, ಅಂಕಿ ಕಣ್ಣ ಮುಂದಿದ್ದರೆ ವೇಳಾಪಟ್ಟಿಯಲ್ಲಿ ಜಾಗ ಸಿಗುತ್ತದೆ. ಬೆಳಗಿನ ಹೊತ್ತೇ ಕೇಳಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಹೊಟ್ಟೆಗೆ ಬಿದ್ದ ನಂತರದ ಒಂದೂವರೆ ಗಂಟೆ ಈ ಮಕ್ಕಳ ದಿನದಲ್ಲೇ ಚೆಂದದ ಹೊತ್ತು, ಎಷ್ಟೋ ಮನೆಗಳಲ್ಲಿ ತಿಂಡಿ ಎಂಬುದೇ ಇರುವುದಿಲ್ಲ.

ಮಟ್ಟಕ್ಕೊಂದರಂತೆ ಗುಂಪು ಮಾಡಿ. ಎ, ಬಿ, ಸಿ ಎಂದು ಕರೆಯದೆ ಹೊಂಗೆ, ಬೇವು, ಹುಣಸೆ, ಆಲ ಎಂದು ಹೆಸರಿಡಿ. ಗಂಟೆ ಮುಗಿದ ಮೇಲೆ ಎಲ್ಲರೂ ಅವರವರ ಜಾಗಕ್ಕೆ ಹೋಗಲಿ, ಇಡೀ ದಿನ ಗುಂಪಾಗಿ ಕೂರಿಸಿದರೆ ಅದೇ ಹಣೆಪಟ್ಟಿಯಾಗುತ್ತದೆ.

ಮೊದಲ ಹತ್ತು ನಿಮಿಷ ನೀವು ಒಂದು ಕಥೆ ಓದಿ ಹೇಳಿ, ಎಲ್ಲರಿಗೂ. ಮುಂದಿನ 25 ನಿಮಿಷ ಗುಂಪಿನ ಕೆಲಸ. ನೀವು ಅತಿ ಕೆಳಗಿನ ಗುಂಪಿನ ಜೊತೆ ನೆಲದ ಮೇಲೆ ಕೂರಬೇಕು, ಮೇಲಿನ ಗುಂಪಿಗೆ ಗ್ರಂಥಾಲಯದ ಪುಸ್ತಕ ಕೊಡಬೇಕು. ಆಮೇಲೆ 15 ನಿಮಿಷ ಸ್ವಂತ ಬರವಣಿಗೆ: ನಕಲು ಕೂಡದು, ಮೂರೇ ಪದವಾದರೂ ತಲೆಯಿಂದ ಬರಲಿ. ಕೊನೆಯ ಹತ್ತು ನಿಮಿಷ ಬರೆದವರು ಓದಲಿ, ನೀವು ಕೇಳಿ.

ಅಕ್ಷರದ ಹಂತದಲ್ಲಿರುವವರಿಗೆ ಅ, ಆ, ಇ, ಈ ಕ್ರಮ ಹಿಡಿದರೆ ಹದಿನೈದು ದಿನವಾದರೂ ಒಂದು ಪದ ಕಟ್ಟಲಾಗುವುದಿಲ್ಲ. ನಲಿ-ಕಲಿಯ ಕ್ರಮವೇ ಇಲ್ಲೂ ಸರಿ: ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ. ಮರುವಾರ ಜ, ವ, ಮ, ಬ, ನ ಸೇರಿದರೆ ಜನ, ಮರ, ಬಸವ, ನಗರ. ವಾರಕ್ಕೆ ಐದು ಅಕ್ಷರ, ಮೂಲಾಕ್ಷರ ಗಟ್ಟಿಯಾದ ಮೇಲೆ ವಾರಕ್ಕೆ ಎರಡು ಗುಣಿತ ಚಿಹ್ನೆ. ಅದಕ್ಕಿಂತ ವೇಗ ಹೆಚ್ಚಿಸಿದರೆ ಸೋಮವಾರ ಬರುವಷ್ಟರಲ್ಲಿ ಹಿಂದಿನದು ಮರೆತಿರುತ್ತದೆ.

ಹದಿಮೂರು ವರ್ಷದ ಹುಡುಗನ ಕೈಗೆ ಒಂದನೇ ತರಗತಿಯ ಪುಸ್ತಕ ಕೊಡಬೇಡಿ. ನಾಚಿಕೆಗೆ ಮರುದಿನ ಶಾಲೆಗೇ ಬಾರದೆ ಹೋಗುತ್ತಾನೆ. ಅವನಿಗೆ ಬಸ್ಸಿನ ಬೋರ್ಡಿದೆ. 'ಜಯನಗರ' ಬರೀ ಮೂಲಾಕ್ಷರ. 'ಬಸವನಗುಡಿ'ಯಲ್ಲಿ ಎರಡು ಗುಣಿತ. 'ಶಿವಾಜಿನಗರ'ದಲ್ಲಿ ಹ್ರಸ್ವ, ದೀರ್ಘ ಎರಡೂ. 'ಮಲ್ಲೇಶ್ವರ'ಕ್ಕೆ ಬಂದರೆ ಎರಡು ಒತ್ತು. ಬೆಂಗಳೂರಿನ ಬಡಾವಣೆಗಳ ಹೆಸರಿನಲ್ಲೇ ಇಡೀ ಕಾಗುಣಿತದ ಏಣಿಯಿದೆ, ಹತ್ತುವಾಗ ಅವನಿಗೆ ಅವಮಾನವೂ ಆಗುವುದಿಲ್ಲ. ಹಾಲಿನ ಪ್ಯಾಕೆಟ್, ಅಂಗಡಿಯ ಫಲಕ, ಮೆಟ್ರೊ ನಿಲ್ದಾಣದ ಹೆಸರು ಎಲ್ಲವೂ ಆದೀತು.

ಗ್ರಂಥಾಲಯದ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡಿರುತ್ತವೆ, ಕಳೆದರೆ ಯಾರು ಲೆಕ್ಕ ಕೊಡಬೇಕೆಂಬ ಭಯ. ಇಪ್ಪತ್ತು ತೆಳುವಾದ ಪುಸ್ತಕಗಳನ್ನು ನಿಮ್ಮ ಹೆಸರಿಗೆ ಬರೆಸಿಕೊಂಡು, ಗೋಡೆಗೆ ದಾರ ಕಟ್ಟಿ ತೂಗುಹಾಕಿ. ವರ್ಷಕ್ಕೆ ಮೂರು ನಾಲ್ಕು ಹರಿದು ಹೋಗುತ್ತವೆ. ಮಕ್ಕಳು ಮುಟ್ಟಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ.

ಮನೆಮಾತು ಬೇರೆಯಾದಾಗ

ತಪ್ಪು ಎಂದು ಕೆಂಪು ಗೆರೆ ಎಳೆಯುವ ಮೊದಲು ಮಗುವಿನ ಮನೆಮಾತು ಯಾವುದೆಂದು ನೋಡಿ. ತಮಿಳಿನಲ್ಲಿ ಕ–ಗ, ತ–ದ, ಪ–ಬ ಜೋಡಿಗಳಿಗೆ ಒಂದೊಂದೇ ಅಕ್ಷರ, ಹಾಗಾಗಿ ಆ ಮನೆಯ ಮಗು 'ಗಿಡ'ವನ್ನು 'ಕಿಡ' ಎಂದು ಬರೆಯಬಹುದು. ಹಿಂದಿಯಲ್ಲಿ ಎ–ಏ, ಒ–ಓ ಭೇದವಿಲ್ಲ, ಆದ್ದರಿಂದ 'ಕೆರೆ'ಗೂ 'ಕೇರೆ'ಗೂ ವ್ಯತ್ಯಾಸ ಕಿವಿಗೇ ಬೀಳುವುದಿಲ್ಲ. ದಖನಿ ಉರ್ದು ಮಾತಾಡುವವರಿಗೆ ಳ ಲ ಆಗುತ್ತದೆ, ಣ ನ ಆಗುತ್ತದೆ. ಇವರಿಗೆ ಹತ್ತು ಸಲ ಬರೆಸಿದರೆ ಪ್ರಯೋಜನವಿಲ್ಲ. ಮೊದಲು ಕಿವಿ ಪಳಗಬೇಕು: ಕಣ್ಣು ಮುಚ್ಚಿಸಿ 'ಹಲ್ಲಿ, ಹಳ್ಳಿ' ಎಂದು ಹೇಳಿ, ಎರಡನೆಯದು ಕೇಳಿದಾಗ ಚಪ್ಪಾಳೆ ತಟ್ಟಿಸಿ. ದಿನಕ್ಕೆ ಐದು ನಿಮಿಷ, ಮೂರು ವಾರ.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳದ್ದು ಕನ್ನಡವೇ. ಅವರು 'ಬ್ಯಾಡ್ರಿ, ಒಲ್ಲೆ' ಎಂದಾಗ ತರಗತಿ ನಕ್ಕರೆ, ನಗು ಅಲ್ಲಿಗೇ ನಿಲ್ಲಬೇಕು. ಬೋರ್ಡಿನ ಮೇಲೆ ಎರಡು ಕಂಬಸಾಲು ಮಾಡಿ, ಒಂದು ಕಡೆ ಅವರ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು ಬರೆಯಿರಿ. ತಮ್ಮ ಮಾತು ಬೋರ್ಡಿಗೆ ಏರಿದ ದಿನ ಆ ಮಕ್ಕಳ ಬಾಯಿ ಬಿಚ್ಚುತ್ತದೆ.

ಲೆಕ್ಕದಲ್ಲಿ ಎರಡು ಗುರುತು

52ರಲ್ಲಿ 27 ಕಳೆಯಲು ಕೊಡಿ. 35 ಎಂದು ಬಂದರೆ, ದೊಡ್ಡ ಅಂಕಿಯಲ್ಲಿ ಚಿಕ್ಕ ಅಂಕಿ ಕಳೆದಿದ್ದಾರೆ, ದಶಕ ಬಿಡಿಸುವುದು ಗೊತ್ತಿಲ್ಲ. 618ನ್ನು 6ರಿಂದ ಭಾಗಿಸಲು ಕೊಡಿ. 103ರ ಬದಲು 13 ಬಂದರೆ ಸೊನ್ನೆಯ ಜಾಗ ಗೊತ್ತಿಲ್ಲ. ಎರಡಕ್ಕೂ ಮದ್ದು ಸ್ಥಾನಬೆಲೆ. ಹತ್ತು ಹತ್ತು ಪೊರಕೆ ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು, 100, 10, 1 ರೂಪಾಯಿಯ ಕಾಗದದ ನೋಟುಗಳು ಸಾಕು. 4–5ನೇ ತರಗತಿಗೆಂದು ಬಂದ ಗಣಿತ ಕಲಿಕಾ ಆಂದೋಲನದ ಕಿಟ್ ನಿಮ್ಮ ಶಾಲೆಯಲ್ಲೂ ಇರಬಹುದು, ಹುಡುಕಿ ತೆಗೆಯಿರಿ.

ಬಾರದ ಮಗು, ಹೊರಟುಹೋಗುವ ಮಗು

ಹಾಜರಾತಿ ಪುಸ್ತಕವನ್ನು ಅಡ್ಡಡ್ಡ ಓದಿದರೆ ತಿಳಿಯುವುದು ಕಡಿಮೆ, ಉದ್ದಕ್ಕೆ ಓದಿ. ಪ್ರತಿ ಸೋಮವಾರ ತಪ್ಪುವವರು, ನಾಗರಪಂಚಮಿಗೆ ಊರಿಗೆ ಹೋಗಿ ವಾರವಾದರೂ ಬಾರದವರು, ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ದೊಡ್ಡ ಹುಡುಗಿಯರು: ಒಬ್ಬೊಬ್ಬರ ಕಾರಣವೂ ಬೇರೆ. ತಂಗಿಯ ವಿಷಯವಾದರೆ ಹತ್ತಿರದ ಅಂಗನವಾಡಿ ಟೀಚರ್ ಜೊತೆ ಮಾತಾಡುವುದೇ ಪರಿಹಾರ, ಅಕ್ಕನಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ. ಎರಡನೇ ದಿನವೂ ಬಾರದಿದ್ದರೆ ಫೋನ್ ಮಾಡಿ, ವಾರ ಕಾಯಬೇಡಿ.

ಅಪಾರ್ಟ್‌ಮೆಂಟ್ ಕಟ್ಟಿ ಮುಗಿದರೆ ಶೆಡ್ಡುಗಳು ರಾತ್ರೋರಾತ್ರಿ ಖಾಲಿಯಾಗುತ್ತವೆ. ಆ ಮಕ್ಕಳಿಗೆ ಆಗಸ್ಟ್‌ನಲ್ಲೇ ಒಂದು ಚೀಟಿ ಮಾಡಿಕೊಡಿ: ಮಗುವಿನ ಹೆಸರು, ಎಸ್‌ಎಟಿಎಸ್ (ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ, ತರಗತಿ, ಓದಿನ ಮಟ್ಟ, ಶಾಲೆಯ ಫೋನ್. ಪ್ಲಾಸ್ಟಿಕ್ ಕವರಿಗೆ ಹಾಕಿ ತಾಯಿಯ ಕೈಗೆ ಕೊಟ್ಟು, ಆಧಾರ್ ಕಾರ್ಡಿನ ಜೊತೆ ಇಡಲು ಹೇಳಿ. ಹೊಸ ಊರಿನ ಶಾಲೆಯಲ್ಲಿ ಟಿಸಿ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ, ಟಿಸಿ ತಡವಾಯಿತೆಂದು ದಾಖಲಾತಿ ನಿರಾಕರಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದೂ ಇದೆ. ಇದು ತಾಯಿಗೆ ಗೊತ್ತಿರಲಿ. ನಿಮ್ಮ ಶಾಲೆಗೆ ಹಾಗೆ ಬಂದ ಮಗುವಿಗೂ ಇದೇ ಮರ್ಯಾದೆ ಸಿಗಲಿ.

ಮನೆಯವರ ಜೊತೆ

ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಹಗಲಿನಲ್ಲಿ ಫೋನ್ ಮಾಡಿದರೆ ಎತ್ತುವುದಿಲ್ಲ, ಎಷ್ಟೋ ಕಾರ್ಖಾನೆಗಳಲ್ಲಿ ಕೆಲಸದ ವೇಳೆ ಮೊಬೈಲ್ ಮುಟ್ಟುವಂತಿಲ್ಲ. 'ಪೋಷಕರಿಗೆ ಆಸಕ್ತಿಯೇ ಇಲ್ಲ' ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಸಂಜೆ ಏಳರ ಮೇಲೆ ಅಥವಾ ಭಾನುವಾರ ಬೆಳಿಗ್ಗೆ ಪ್ರಯತ್ನಿಸಿ. ಮನೆಗೆ ಹೋಗುವಾಗ ಸಹೋದ್ಯೋಗಿಯೊಬ್ಬರು ಜೊತೆಗಿರಲಿ, ಕೈಯಲ್ಲಿ ರಿಜಿಸ್ಟರ್ ಬೇಡ. ಕೊಟ್ಟ ಕಾಫಿಯನ್ನು ಬೇಡವೆನ್ನಬೇಡಿ. ಮೊದಲ ಭೇಟಿಯಲ್ಲಿ ದೂರು ಒಂದೂ ಬೇಡ, ಮಗು ಚೆನ್ನಾಗಿ ಮಾಡಿದ ಒಂದು ಕೆಲಸ ಹೇಳಿ ಬನ್ನಿ.

ತಾಯಿಗೆ ಓದು ಬಾರದಿದ್ದರೂ ಒಂದು ಕೆಲಸ ಅವರಿಂದಾಗುತ್ತದೆ. 'ಅಮ್ಮಾ, ರಾತ್ರಿ ಅಡುಗೆ ಮಾಡುವಾಗ ಹತ್ತು ನಿಮಿಷ ಅವಳು ಓದ್ತಾಳೆ, ನೀವು ಸುಮ್ಮನೆ ಕೇಳಿ' ಎಂದು ಹೇಳಿ. ಟ್ಯೂಷನ್ನಿಗೆ ಕಾಸಿಲ್ಲದ ಮನೆಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ 'ಸೌಲಭ್ಯವಿಲ್ಲ' ಎಂದರೆ ಏನೂ ಬರುವುದಿಲ್ಲ. ಬೇಕಾದ ಮೂರು ವಸ್ತು, ಅಂಗಡಿಯ ಬೆಲೆ, ಯಾವ ತಾರೀಕಿಗೆ ಎಂದು ಬರೆದುಕೊಂಡು ಹೋಗಿ. ಬೆಂಗಳೂರಿನಲ್ಲಿ ಕಂಪನಿಗಳವರು ಬಣ್ಣ, ಬ್ಯಾಗು ಹಿಡಿದುಕೊಂಡು ಬರುತ್ತಾರೆ. ಬರಲಿ, ಓದಿನ ಗಂಟೆಯಲ್ಲಿ ಮಾತ್ರ ಬೇಡವೆಂದು ಮುಖ್ಯ ಶಿಕ್ಷಕರ ಮೂಲಕ ಮೊದಲೇ ತಿಳಿಸಿ.

ಮುಚ್ಚಿಡಬಾರದ ವಿಷಯ

ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿ ಬಿಟ್ಟರೆ, 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. ಕೆದಕಿ ಕೆದಕಿ ಕೇಳಬೇಡಿ. ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ, ತಾರೀಕು, ಸಮಯದೊಂದಿಗೆ ಬರೆದಿಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, 'ಶಾಲೆಯ ಮಾನ ಹೋಗುತ್ತದೆ, ಇಲ್ಲೇ ಬಗೆಹರಿಸೋಣ' ಎಂಬ ರಾಜಿಗೆ ಅಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098. ಬಾಲ್ಯವಿವಾಹ, ದುಡಿಮೆಯ ಸುಳಿವು ಸಿಕ್ಕರೂ ಇದೇ ಸಂಖ್ಯೆ.

ದಾಖಲೆ, ದಸರೆ, ಏಪ್ರಿಲ್

ಪಾಠ ಯೋಜನೆ, ಅಂಕವಹಿ, ಮಕ್ಕಳ ಕೆಲಸಗಳನ್ನು ಕೂಡಿಡುವ ಕೃತಿ ಸಂಪುಟ, ಎಸ್‌ಎಟಿಎಸ್ ನಮೂದು, ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಇವನ್ನು ತರಗತಿಯ ಹೊತ್ತಿನಲ್ಲಿ ಮುಟ್ಟದೆ ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಮೀಸಲಿಡಿ. ಆಧಾರ್, ಎಸ್‌ಎಟಿಎಸ್, ದಾಖಲಾತಿ ಪುಸ್ತಕ ಮೂರರಲ್ಲೂ ಮಗುವಿನ ಹೆಸರು ಒಂದೇ ರೀತಿ ಇದೆಯೇ ಎಂದು ಜುಲೈನಲ್ಲೇ ನೋಡಿ, ಒಂದು ಅಕ್ಷರದ ವ್ಯತ್ಯಾಸ ವಿದ್ಯಾರ್ಥಿವೇತನವನ್ನೇ ತಡೆಯಬಲ್ಲದು. 40 ನೋಟ್‌ಬುಕ್ಕನ್ನು ಒಂದೇ ದಿನ ತಿದ್ದಲು ಹೋಗಬೇಡಿ. ದಿನಕ್ಕೆ ಹತ್ತರಂತೆ ತಿದ್ದಿ, ಪ್ರತಿಯೊಂದರಲ್ಲೂ ಒಂದೇ ತಪ್ಪು ಆರಿಸಿ, ಅದನ್ನು ಮಗುವಿನಿಂದಲೇ ಸರಿ ಮಾಡಿಸಿ.

ದಸರಾ ರಜೆಗೆ ಮುಂಚಿನ ಮೂರು ವಾರ ಹೊಸಬರಿಗೆ ಅತಿ ಕಷ್ಟದ ಕಾಲ. ಪ್ರತಿಭಾ ಕಾರಂಜಿಯ ಸಾಂಸ್ಕೃತಿಕ ಸ್ಪರ್ಧೆಗಳು, ಕ್ರೀಡಾಕೂಟ, ಮೊದಲ ಸಂಕಲನಾತ್ಮಕ (ಅರ್ಧವಾರ್ಷಿಕ) ಪರೀಕ್ಷೆ, ತರಬೇತಿ ಎಲ್ಲ ಒಟ್ಟಿಗೆ ಬೀಳಬಹುದು, ಗಂಟಲು ಕಟ್ಟುತ್ತದೆ, ಈ ಕೆಲಸವೇ ಬೇಡವೆನಿಸುತ್ತದೆ. ಆಗ ಚಾರ್ಟು, ಅಲಂಕಾರ, ಹೆಚ್ಚುವರಿ ನೋಟ್ಸು ಬಿಟ್ಟುಬಿಡಿ. ಓದಿನ ಗಂಟೆಯನ್ನು ಅರ್ಧ ಗಂಟೆಗೆ ಇಳಿಸಿಯಾದರೂ ನಡೆಸಿ. ರಜೆ ಮುಗಿದು ಬಂದಾಗ ಕೆಳಗಿನ ಗುಂಪಿನವರು ಎರಡು ವಾರದಷ್ಟು ಹಿಂದೆ ಸರಿದಿರುತ್ತಾರೆ, ಗಾಬರಿಯಾಗದೆ ಹಳೆಯ ಅಕ್ಷರಗಳಿಂದಲೇ ಮತ್ತೆ ಎತ್ತಿಕೊಳ್ಳಿ.

ಅದೇ ಐದು ಕಾರ್ಡುಗಳ ಪರೀಕ್ಷೆಯನ್ನು ನವೆಂಬರ್‌ನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ಮಾಡಿ. ಮೇಲಿನ ಹಂತಕ್ಕೆ ಹೋದವರ ಗುಂಪು ಅದೇ ದಿನ ಬದಲಾಗಲಿ. ಪೋಷಕರನ್ನು ಶಾಲೆಗೆ ಕರೆದು ಮಕ್ಕಳ ಪ್ರಗತಿ ತೋರಿಸುವ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ದಿನ ಅಂಕಪಟ್ಟಿ ಕೊಡುವ ಮುಂಚೆ ಪ್ರತಿ ಮಗುವೂ ತಂದೆತಾಯಿಯ ಎದುರು ಮೂರು ಸಾಲು ಓದಲಿ, ಬಸ್ಸಿನ ಬೋರ್ಡೇ ಆದರೂ ಸರಿ.

ಏಪ್ರಿಲ್ 10ರ ಹೊತ್ತಿಗೆ ಬೇಸಿಗೆ ರಜೆ ಬರುತ್ತದೆ. ಬೀರುವಿಗೆ ಬೀಗ ಹಾಕುವ ಮುಂಚೆ ಒಂದು ಹಾಳೆಯಲ್ಲಿ ಪ್ರತಿ ಮಗುವಿನ ಹೆಸರು, ಜೂನ್‌ನ ಮಟ್ಟ, ಮಾರ್ಚ್‌ನ ಮಟ್ಟ, ಇನ್ನೂ ಉಳಿದಿರುವ ತಪ್ಪು, ಯಾವ ಹೊತ್ತಿಗೆ ಫೋನ್ ಮಾಡಿದರೆ ತಾಯಿ ಸಿಗುತ್ತಾರೆ ಎಂಬುದನ್ನು ಬರೆದು, ಮುಂದಿನ ತರಗತಿಯ ಶಿಕ್ಷಕರ ಕೈಗೇ ಕೊಡಿ. ಎಂಟನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗುವವರ ಹಾಳೆಯನ್ನು ಟಿಸಿಗೆ ಪಿನ್ ಮಾಡಿ.